ನಕ್ಷೆ ಬರೆದವರು ರಾತ್ರಿ ಎಲ್ಲಿರುತ್ತಾರೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಂದವನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ವಿದೇಶಿ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ಡೆವಲಪರ್ ಆಗಿ ದುಡಿದ ಮೇಲೆ ಕಳೆದ ವರ್ಷ ನನಗೆ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಹುದ್ದೆ ಕೊಟ್ಟರು. ನನ್ನ ಕೈಕೆಳಗೆ ಯಾರೂ ಇಲ್ಲ; ನಾಲ್ಕು ತಂಡಗಳಿಗೆ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ತಂಡಗಳವರು ಸಭೆಯಲ್ಲಿ ವಿನ್ಯಾಸಕ್ಕೆ ಒಪ್ಪುತ್ತಾರೆ, ಹೊರಗೆ ಹೋಗಿ ತಮಗೆ ತೋಚಿದಂತೆ ಮಾಡುತ್ತಾರೆ. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ‘ನಿಮ್ಮಲ್ಲಿ ನಾಯಕತ್ವ ಕಾಣುತ್ತಿಲ್ಲ’ ಎಂದರು. ದೊಡ್ಡ ಸಭೆಗಳಲ್ಲಿ ಇಂಗ್ಲಿಷ್ ಮಾತನಾಡಲು ತಡವರಿಸುತ್ತೇನೆ. ಕೋಡ್ ಬರೆಯುವುದು ಬಿಟ್ಟುಹೋಗಿದೆ; ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಸರ್ಟಿಫಿಕೇಟ್ ಮಾಡಲೇ, ಎಂಬಿಎ ಸೇರಲೇ, ಇಲ್ಲವೇ ಕಂಪನಿಯನ್ನೇ ಬದಲಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳು ಹೆಣೆದುಕೊಂಡಿವೆ. ಅವುಗಳಲ್ಲಿ ನಾನು ಮೊದಲು ಎತ್ತಿಕೊಳ್ಳುವುದು ನಡುವೆ ಬಂದಿರುವ ಒಂದು ವಾಕ್ಯವನ್ನು: ಸಭೆಯಲ್ಲಿ ಒಪ್ಪಿದವರು ಹೊರಗೆ ಹೋಗಿ ತಮಗೆ ತೋಚಿದಂತೆ ಮಾಡುತ್ತಾರೆ. ಇದನ್ನು ನೀವು ಅಸಡ್ಡೆಯೆಂದು ತಿಳಿದಿರುವಂತೆ ಕಾಣುತ್ತದೆ. ನನ್ನ ಅನುಭವದಲ್ಲಿ ಅದರ ಕಾರಣ ಬೇರೆ. ಒಂದು ವಿನ್ಯಾಸ ತಪ್ಪಿದರೆ ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದು ಡೆವಲಪರ್‌ಗಳಿಗೆ ಬಹಳ ಚೆನ್ನಾಗಿ ಗೊತ್ತಿರುತ್ತದೆ. ಆ ಪೆಟ್ಟಿನಲ್ಲಿ ಪಾಲು ಪಡೆಯುವವರ ಮಾತನ್ನು ಅವರು ತೂಗಿ ನೋಡುತ್ತಾರೆ; ಪಾಲು ಪಡೆಯದವರ ಮಾತಿಗೆ ತಲೆಯಾಡಿಸಿ ಎದ್ದು ಹೋಗುತ್ತಾರೆ. ಬೇರೆಯವರು ಕಟ್ಟುವ, ಬೇರೆಯವರು ನಡೆಸುವ ವ್ಯವಸ್ಥೆಯ ಕುರಿತು ತಾನು ಕೈಗೊಂಡ ನಿರ್ಧಾರಕ್ಕೆ ಅದು ಚಾಲ್ತಿಯಲ್ಲಿರುವಷ್ಟು ಕಾಲವೂ ಬಾಧ್ಯಸ್ಥರಾಗಿ ಉಳಿಯುವುದನ್ನೇ ನಾನು ಆರ್ಕಿಟೆಕ್ಟ್‌ನ ನಾಯಕತ್ವ ಎಂದು ಕರೆಯುತ್ತೇನೆ. ಪೆಟ್ಟು ತಿಂದು ಕಲಿತೆ ಎನ್ನುವುದು ರೂಢಿ. ಇದನ್ನು ನಾನು ಪೆಟ್ಟು ಕೊಟ್ಟು ಕಲಿತೆ.

ಸುಮಾರು ಹತ್ತು ವರ್ಷಗಳ ಹಿಂದೆ ನಾನಿದ್ದ ಕಂಪನಿಯಲ್ಲಿ ಆನ್‌ಲೈನ್ ಆರ್ಡರ್‌ಗಳನ್ನು ಸ್ವೀಕರಿಸುವ ವ್ಯವಸ್ಥೆ ಒಂದೇ ದೊಡ್ಡ ಪ್ರೋಗ್ರಾಮ್ ಆಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದುದು ಒಂಬತ್ತು ಜನರ ತಂಡ. ದೊಡ್ಡ ಪ್ರೋಗ್ರಾಮನ್ನು ‘ಸರ್ವಿಸ್’ ಎಂಬ, ಬೇರೆಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಮ್‌ಗಳಾಗಿ ಒಡೆಯುವ ಮೈಕ್ರೋಸರ್ವಿಸ್ ಎಂಬ ಮಾತು ಆಗಷ್ಟೇ ಎಲ್ಲರ ಬಾಯಲ್ಲಿ ಓಡಾಡುತ್ತಿತ್ತು, ನನ್ನ ಹುದ್ದೆಯೂ ಹೊಸದು. ಆ ಪ್ರೋಗ್ರಾಮನ್ನು ಹನ್ನೊಂದು ಸರ್ವಿಸ್‌ಗಳಾಗಿ ಒಡೆಯುವ ನಕ್ಷೆಯೊಂದನ್ನು ಬರೆದೆ. ನಕ್ಷೆ ಅಂದವಾಗಿತ್ತು, ಎಲ್ಲರೂ ಒಪ್ಪಿದರು, ಎಂಟು ತಿಂಗಳಲ್ಲಿ ಕಟ್ಟಿಯೂ ಮುಗಿಸಿದರು. ಹಬ್ಬದ ಮಾರಾಟದ ಒಂದು ರಾತ್ರಿ ಬೆಲೆ ಹೇಳುವ ಸರ್ವಿಸ್ ನಿಧಾನವಾಯಿತು. ಅದು ಕೆಟ್ಟು ನಿಂತಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಿಧಾನವಾದದ್ದೇ ಅನಾಹುತಕ್ಕೆ ದಾರಿಯಾಯಿತು. ಆರ್ಡರ್ ಸರ್ವಿಸ್ ದಾಸ್ತಾನು ಸರ್ವಿಸನ್ನು, ದಾಸ್ತಾನು ರಿಯಾಯಿತಿಯನ್ನು, ರಿಯಾಯಿತಿ ಬೆಲೆಯನ್ನು ಕೇಳುತ್ತಿತ್ತು, ಉತ್ತರ ಬಾರದಿದ್ದರೆ ಪ್ರತಿಯೊಂದೂ ಒಟ್ಟು ಮೂರು ಸಲ ಪ್ರಯತ್ನಿಸುತ್ತಿತ್ತು. ಮೂರು ಹಂತಗಳಲ್ಲಿ ಮೂರು ಮೂರು ಸಲವೆಂದರೆ ಒಬ್ಬ ಗ್ರಾಹಕರ ಒಂದು ಒತ್ತುವಿಕೆಗೆ ಬೆಲೆ ಸರ್ವಿಸ್‌ನ ಬಾಗಿಲಲ್ಲಿ 27 ವಿನಂತಿಗಳು. ಮೊದಲೇ ಏದುಸಿರು ಬಿಡುತ್ತಿದ್ದ ಸರ್ವಿಸ್‌ನ ಮೇಲೆ ನಾವೇ ಮೂಟೆ ಹೊರಿಸಿದೆವು. ಉಳಿದವೂ ಉತ್ತರಕ್ಕಾಗಿ ಕಾಯುತ್ತ ಕಾಯುತ್ತ ತಮ್ಮ ಸಂಪರ್ಕಗಳೆಲ್ಲ ಮುಗಿದು ಒಂದೊಂದಾಗಿ ಮಲಗಿದವು.

ಆ ರಾತ್ರಿ ಎರಡೂವರೆಗೆ ಫೋನ್ ಬಂದದ್ದು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಒಬ್ಬ ಎಂಜಿನಿಯರ್‌ಗೆ. ಬೆಳಗಿನವರೆಗೆ ಆಕೆ ಒಂದೊಂದೇ ಸರ್ವಿಸನ್ನು ನಿಲ್ಲಿಸಿ, ಮತ್ತೆ ಎಬ್ಬಿಸಿ, ಯಾವುದನ್ನು ಮೊದಲು ಎಬ್ಬಿಸಬೇಕೆಂದು ಯಾರೂ ಬರೆದಿಡದ ಕಾರಣ ಮತ್ತೆ ನಿಲ್ಲಿಸಿ ಕಳೆದಿದ್ದರು. ನಾನು ತಿಂಡಿ ಮುಗಿಸಿ ಹತ್ತು ಗಂಟೆಗೆ ಕಚೇರಿಗೆ ಬಂದೆ. ಆಕೆ ಕೊಂಕೇ ಇಲ್ಲದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು: “ನಕ್ಷೆ ಬರೆದವರಿಗೆ ರಾತ್ರಿ ಫೋನ್ ಬರುವುದಿಲ್ಲ, ಅಲ್ಲವೇ?” ನಾನು ಏನು ಉತ್ತರ ಕೊಟ್ಟೆ ಎನ್ನುವುದು ನೆನಪಿಲ್ಲ. ಆ ವಾರವೇ ಆನ್-ಕಾಲ್ ಪಟ್ಟಿಯಲ್ಲಿ, ಅಂದರೆ ವ್ಯವಸ್ಥೆ ಕೆಟ್ಟಾಗ ಯಾರಿಗೆ ಫೋನ್ ಹೋಗಬೇಕೆಂಬ ಸರದಿಯ ಪಟ್ಟಿಯಲ್ಲಿ, ನನ್ನ ಹೆಸರನ್ನೂ ಸೇರಿಸಿಕೊಂಡೆ.

ಪಟ್ಟಿಗೆ ಸೇರಿದ ಮೇಲೆ ಕಂಡದ್ದು ಯಾವ ನಕ್ಷೆಯಲ್ಲೂ ಇರಲಿಲ್ಲ. ಒಂದು ಸರ್ವಿಸ್ ತಿಂಗಳ 99.9 ಶೇಕಡಾ ಹೊತ್ತು ಎದ್ದಿರುತ್ತದೆ ಎಂದರೆ 30 ದಿನಗಳಲ್ಲಿ ಅದು ಮಲಗುವುದು ಸುಮಾರು 43 ನಿಮಿಷ; ಕೇಳಲು ಹಿತವಾಗಿದೆ. ಆದರೆ ಒಂದು ಆರ್ಡರ್ ಪೂರ್ತಿಯಾಗಲು ಇಂಥ ಐದು ಸರ್ವಿಸ್‌ಗಳೂ ಒಟ್ಟಿಗೆ ಎದ್ದಿರಬೇಕು, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲ ಎಂದಾದರೆ, ಐದನ್ನೂ ಗುಣಿಸಿದಾಗ ಉಳಿಯುವುದು 99.5 ಶೇಕಡಾ, ಅಂದರೆ ತಿಂಗಳಿಗೆ ಮೂರೂವರೆ ಗಂಟೆಗೂ ಮಿಕ್ಕಿದ ಕತ್ತಲು. ಈ ಗುಣಾಕಾರ ನನಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ರಾತ್ರಿ ಎದ್ದು ಕುಳಿತವರಿಗೆ ಅದು ಹೇಗೆ ಕಾಣುತ್ತದೆಂಬುದು ಗೊತ್ತಿರಲಿಲ್ಲ. ಮುಂದಿನ ನಾಲ್ಕು ತಿಂಗಳಲ್ಲಿ ಮರುಪ್ರಯತ್ನವನ್ನು ಅತ್ಯಂತ ಹೊರಗಿನ ಹಂತವೊಂದಕ್ಕೆ ಮಾತ್ರ ಬಿಟ್ಟೆವು. ಒಳಗೆ ಹೋದಂತೆಲ್ಲ ಕಾಯುವ ಅವಧಿಯನ್ನು ಕಡಿಮೆ ಮಾಡಿದೆವು. ಬೆಲೆ ಸಿಗದಿದ್ದಾಗ ಕೊನೆಯ ಬಾರಿ ಸಿಕ್ಕಿದ್ದ ಬೆಲೆಯ ಪ್ರತಿಯನ್ನೇ ತೋರಿಸುವಂತೆ ಮಾಡಿದೆವು. ಹನ್ನೊಂದರಲ್ಲಿ ನಾಲ್ಕು ಸರ್ವಿಸ್‌ಗಳನ್ನು ಮತ್ತೆ ಒಂದಾಗಿ ಸೇರಿಸಿದೆವು. ನನ್ನದೇ ನಕ್ಷೆಯನ್ನು ನಾನೇ ಎಲ್ಲರೆದುರು ಅಳಿಸಿದ ಆ ತಿಂಗಳುಗಳಲ್ಲಿ ತಂಡದವರು ವಿನ್ಯಾಸದ ಪ್ರಶ್ನೆಗಳನ್ನು ತಾವಾಗಿಯೇ ನನ್ನ ಬಳಿಗೆ ತರಲು ಶುರುಮಾಡಿದರು. ನನ್ನ ಹುದ್ದೆ, ಸಂಬಳ, ಇಂಗ್ಲಿಷ್ ಯಾವುದೂ ಅಷ್ಟರಲ್ಲಿ ಬದಲಾಗಿರಲಿಲ್ಲ.

ಈಗ ನಿಮ್ಮ ನಾಲ್ಕು ತಂಡಗಳ ವಿಷಯ. ಸಭೆಯಿಂದ ಹೊರಗೆ ಹೋದ ಮೇಲೆ ಅವರು ಏನು ಮಾಡುತ್ತಾರೆ ಎಂದು ಬರೆದಿದ್ದೀರಿ, ಏಕೆ ಮಾಡುತ್ತಾರೆ ಎಂದು ಬರೆದಿಲ್ಲ. ನೀವು ಕೇಳಿರಲಾರಿರಿ ಎಂಬುದು ನನ್ನ ಊಹೆ. ಒಂದು ತಂಡದ ಲೀಡ್‌ಗೆ ಎರಡು ವಾರದ ಸ್ಪ್ರಿಂಟ್, ಅಂದರೆ ಗೊತ್ತಾದ ಕೆಲಸ ಮುಗಿಸಬೇಕಾದ ಕಂತು, ಇರುತ್ತದೆ, ಅವರ ಅಪ್ರೈಸಲ್ ಅದರ ಮೇಲೆ ನಿಂತಿರುತ್ತದೆ. ನಿಮ್ಮ ವಿನ್ಯಾಸ ಅವರಿಂದ ಮೂರು ವಾರದ ಹೆಚ್ಚುವರಿ ದುಡಿಮೆ ಬೇಡುತ್ತದೆ. ಅದರ ಲಾಭ ಹೋಗುವುದು ಪಕ್ಕದ ತಂಡಕ್ಕೆ, ಅದೂ ಮುಂದಿನ ವರ್ಷ. ಅಂಥಲ್ಲಿ ಸಭೆಯಲ್ಲಿ ಒಪ್ಪಿ ಹೊರಗೆ ಬಿಡುವುದು ಅವರ ಮಟ್ಟಿಗೆ ಜಾಣತನವೇ. ಆದ್ದರಿಂದ ವಿನ್ಯಾಸ ಬರೆಯುವಾಗಲೇ ಯಾರ ಖರ್ಚು, ಯಾರ ಲಾಭ ಎಂಬ ಲೆಕ್ಕವನ್ನೂ ಬರೆಯಿರಿ. ಖರ್ಚು ಹೊರುವವರಿಗೆ ಆ ಮೂರು ವಾರಗಳನ್ನು ನಿಮ್ಮ ಮ್ಯಾನೇಜರ್ ಬಳಿ ಹೋಗಿ ಕೇಳಿ ಕೊಡಿಸಿ. ಮ್ಯಾನೇಜರ್ ಹೇಳಿದ ‘ನಾಯಕತ್ವ’ ಬಹುಮಟ್ಟಿಗೆ ಈ ಕೊಡಿಸುವ ಕೆಲಸವೇ. ಅವರು ಅದನ್ನು ಬಿಡಿಸಿ ಹೇಳಿರಲಿಕ್ಕಿಲ್ಲ, ಅಷ್ಟೇ.

ಸಂಸ್ಥೆಯೊಂದು ರೂಪಿಸುವ ವ್ಯವಸ್ಥೆಯ ಆಕಾರ ಆ ಸಂಸ್ಥೆಯೊಳಗೆ ಯಾರು ಯಾರೊಂದಿಗೆ ಮಾತನಾಡುತ್ತಾರೆ ಎಂಬುದರ ಆಕಾರವನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದರು. ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇಲ್ಲಿನ ಅನೇಕ ಕಂಪನಿಗಳ ಮುಖ್ಯ ಕಚೇರಿಯಿರುವ ಕ್ಯಾಲಿಫೋರ್ನಿಯಾ ನಮಗಿಂತ ಬೇಸಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಇಲ್ಲಿಂದ ಒಂದು ಸಣ್ಣ ಪ್ರಶ್ನೆ ಹೋದರೆ ಉತ್ತರಕ್ಕೆ ಒಂದು ದಿನ, ಉತ್ತರ ಅರ್ಥವಾಗದಿದ್ದರೆ ಇನ್ನೊಂದು ದಿನ. ಹಾಗಾಗಿ ಆ ಗಡಿಯಲ್ಲಿ ಬರೆದ ಕೋಡ್ ತಾನಾಗಿಯೇ ಅನುಮಾನದಿಂದ ತುಂಬಿಕೊಳ್ಳುತ್ತದೆ: ಎರಡೂ ಕಡೆ ಒಂದೇ ತಪಾಸಣೆ, ಎರಡೂ ಕಡೆ ಒಂದೇ ಡೇಟಾದ ಪ್ರತಿ. ಇದರಿಂದ ಹೊರಡುವ ನೇರವಾದ ಸಲಹೆಯೊಂದಿದೆ. ದಿನವೂ ಮಾತನಾಡಲೇಬೇಕಾದ ಎರಡು ಭಾಗಗಳನ್ನು ಸಾಗರದ ಎರಡು ದಡಗಳಿಗೆ ಹಂಚಬೇಡಿ. ಹಂಚಿಕೆ ಈಗಾಗಲೇ ಆಗಿಹೋಗಿದ್ದರೆ ವಿನ್ಯಾಸವನ್ನು ತಿದ್ದುವುದಕ್ಕೆ ಮೊದಲು ಹಂಚಿಕೆಯನ್ನು ತಿದ್ದಲು ಸಾಧ್ಯವೇ ಎಂದು ಕೇಳಿ. ಇದು ತಮ್ಮ ಕೆಲಸವಲ್ಲ, ಮ್ಯಾನೇಜರ್‌ಗಳ ಕೆಲಸ ಎಂದು ಅನೇಕ ಆರ್ಕಿಟೆಕ್ಟ್‌ಗಳು ಸುಮ್ಮನಿರುತ್ತಾರೆ. ನನಗೆ ಆ ಮೌನ ಸರಿಕಾಣುವುದಿಲ್ಲ.

ತಂಡಗಳ ನಡುವಿನ ಬೆಸುಗೆ ಆರ್ಕಿಟೆಕ್ಟ್‌ಗೆ ಸೇರಿದ್ದು, ಏಕೆಂದರೆ ಬೇರೆ ಯಾರಿಗೂ ಅದು ಸೇರಿರುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಸಹೋದ್ಯೋಗಿಗಳನ್ನು ಕೇಳಿ ನೋಡಿ. ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗಿನ ಹದಿಮೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ 2023ರ ಮಾರ್ಚ್‌ನಲ್ಲಿ ತೆರೆಯಿತು. ಈ ಕಡೆ ಬೈಯಪ್ಪನಹಳ್ಳಿಯವರೆಗೆ ರೈಲು ಮೊದಲಿನಿಂದ ಓಡುತ್ತಲೇ ಇತ್ತು. ರೈಲ್ವೆ ಹಳಿಗಳನ್ನು ದಾಟಿ ಬರಬೇಕಾಗಿದ್ದ, ನಡುವಿನ ಸುಮಾರು ಎರಡು ಕಿಲೋಮೀಟರಿನ ತುಂಡು ಅಕ್ಟೋಬರ್‌ವರೆಗೆ ತೆರೆಯಲಿಲ್ಲ. ಆ ಆರು ತಿಂಗಳು ಪ್ರಯಾಣಿಕರು ಇಳಿದು, ಬಸ್ಸು ಹತ್ತಿ, ಮತ್ತೆ ಇಳಿದು, ಮತ್ತೆ ರೈಲು ಹತ್ತಿದರು. ಎರಡೂ ಬದಿಯ ಹಳಿ ಎಷ್ಟೇ ಚೆನ್ನಾಗಿದ್ದರೂ ಜನ ಮಾತನಾಡಿದ್ದು ನಡುವಿನ ಆ ತುಂಡಿನ ಬಗ್ಗೆಯೇ. ನಿಮ್ಮ ನಾಲ್ಕು ತಂಡಗಳ ನಡುವೆ ಅಂಥ ತುಂಡುಗಳು ಎಲ್ಲಿವೆ, ಅವುಗಳಲ್ಲಿ ಯಾವುದು ಮೂರನೆಯವರ ಅನುಮತಿಗಾಗಿ ಕಾಯುತ್ತಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೊಂದು ಸರ್ವಿಸ್‌ನ ಒಳಗನ್ನು ಆಯಾ ತಂಡದವರಿಗೇ ಬಿಟ್ಟುಬಿಡಿ. ಅಲ್ಲಿ ಅವರಿಗೆ ನಿಮಗಿಂತ ಹೆಚ್ಚು ತಿಳಿದಿರುತ್ತದೆ. ಅವರಿಗೆ ತೋಚಿದಂತೆ ಮಾಡಿದ್ದರಲ್ಲಿ ಅರ್ಧ ಭಾಗವಾದರೂ ಇಂಥದ್ದೇ ಇರಬಹುದು, ಅಂದರೆ ನೀವು ಹೇಳಲೇಬೇಕಾಗಿರದ ವಿಷಯಗಳು.

ಹಾಗಿದ್ದರೆ ಹೇಳಲೇಬೇಕಾದ ವಿಷಯ ಯಾವುದು? ಇದಕ್ಕೆ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲಿ ಕೊಟ್ಟ ಉತ್ತರಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ: ಮುಂದೆ ಬದಲಾಗುವ ಸಂಭವವಿರುವ ನಿರ್ಧಾರಗಳನ್ನು ಗುರುತಿಸಿ, ಪ್ರತಿಯೊಂದನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕು, ಹೊರಗಿನ ಭಾಗಗಳಿಗೆ ಅದರ ಸುಳಿವೂ ಇರಬಾರದು. ಪಾವತಿಗೆ ಸಂಬಂಧಿಸಿದ ದತ್ತಾಂಶವನ್ನೆಲ್ಲ ಭಾರತದಲ್ಲೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ ಆರು ತಿಂಗಳ ಗಡುವು ಕೊಟ್ಟಾಗ ಈ ಮಾತಿನ ಬೆಲೆ ಈ ಊರಿನ ಅನೇಕ ಕಚೇರಿಗಳಿಗೆ ತಿಳಿದಿರಬೇಕು. ಡೇಟಾ ಎಲ್ಲಿ ಕೂರುತ್ತದೆ ಎಂಬ ವಿಚಾರ ಒಂದೇ ಕಡೆ ಅಡಗಿದ್ದ ವ್ಯವಸ್ಥೆಯಲ್ಲಿ ಆ ಒಂದು ಕಡೆ ತಿದ್ದಿದರೆ ಕೆಲಸದ ಬಹುಪಾಲು ಮುಗಿಯುತ್ತದೆ; ಪ್ರತಿಯೊಂದು ವರದಿಯೂ ಪ್ರತಿಯೊಂದು ಪರದೆಯೂ ನೇರವಾಗಿ ಡೇಟಾಬೇಸಿಗೆ ಕೈಹಾಕುವ ವ್ಯವಸ್ಥೆಯಲ್ಲಿ ಅದು ಎಲ್ಲರ ರಜೆಯನ್ನೂ ತಿಂದುಹಾಕುತ್ತದೆ. ಕಾನೂನು, ದರ, ತೆರಿಗೆ, ಹೊರಗಿನ ಕಂಪನಿಗಳ ಸೇವೆ, ಗ್ರಾಹಕರ ಗುರುತು ಇವೆಲ್ಲ ಬದಲಾಗುವ ವಸ್ತುಗಳು. ಯಾವ ಫ್ರೇಮ್‌ವರ್ಕ್ ಬಳಸಬೇಕು, ಕೋಡಿನಲ್ಲಿ ಹೆಸರುಗಳನ್ನು ಹೇಗಿಡಬೇಕು ಎಂಬಂಥ ಜಗಳಗಳಲ್ಲಿ ನಿಮ್ಮ ಮಾತಿನ ಬಲವನ್ನು ಖರ್ಚು ಮಾಡಬೇಡಿ.

ಹೇಳಿದ್ದನ್ನು ಬರೆದಿಡಿ. ಸಾಫ್ಟ್‌ವೇರ್ ತಜ್ಞ ಮೈಕಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ ಒಂದು ಸರಳ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ: ಪ್ರತಿಯೊಂದು ಮುಖ್ಯ ನಿರ್ಧಾರಕ್ಕೂ ಒಂದೆರಡು ಪುಟದ ಟಿಪ್ಪಣಿ, ಅದರಲ್ಲಿ ಆಗಿನ ಸಂದರ್ಭವೇನು, ನಿರ್ಧಾರವೇನು, ಅದು ಈಗ ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ, ಅದರ ಪರಿಣಾಮಗಳೇನು ಎಂಬುದಷ್ಟೇ. ಟಿಪ್ಪಣಿಯನ್ನು ಕೋಡ್ ಇರುವಲ್ಲೇ ಇಡಬೇಕು, ರದ್ದಾದರೂ ಅಳಿಸಬಾರದು. ಹೆಚ್ಚಿನವರು ಇದನ್ನು ಬರೆಯುತ್ತಾರೆ, ಮತ್ತೆ ಓದುವುದಿಲ್ಲ. ನನ್ನ ಒತ್ತಾಯವಿರುವುದು ಓದುವುದರ ಬಗ್ಗೆ. ಪ್ರತಿ ಟಿಪ್ಪಣಿಯ ಕೊನೆಯಲ್ಲಿ ಆರು ತಿಂಗಳ ಮುಂದಿನ ಒಂದು ದಿನಾಂಕ ಹಾಕಿ, ಆ ದಿನ ತಂಡದವರೊಂದಿಗೆ ಕುಳಿತು ಅದನ್ನು ಗಟ್ಟಿಯಾಗಿ ಓದಿ: ನಾನು ಊಹಿಸಿದ ಪರಿಣಾಮಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಊಹಿಸದೇ ಇದ್ದದ್ದು ಏನು ಬಂತು. ಆರ್ಕಿಟೆಕ್ಟ್ ಆಗಿ ಬೆಳೆಯಲು ನನಗೆ ತಿಳಿದಿರುವ ಅತ್ಯಂತ ಖಚಿತವಾದ ದಾರಿ ಇದು. ನನ್ನ ಹಳೆಯ ಟಿಪ್ಪಣಿಗಳನ್ನು ಓದಿದಾಗ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಂಡಿತು. ವ್ಯವಸ್ಥೆಯ ಮೇಲೆ ಬೀಳುವ ಹೊರೆಯನ್ನು ನಾನು ಯಾವಾಗಲೂ ಹೆಚ್ಚಾಗಿ ಊಹಿಸುತ್ತಿದ್ದೆ, ಜನರಿಗೆ ಹೊಸದನ್ನು ಕಲಿಯಲು ಬೇಕಾಗುವ ಕಾಲವನ್ನು ಯಾವಾಗಲೂ ಕಡಿಮೆಯಾಗಿ. ಇದನ್ನು ಯಾವ ತರಬೇತಿಯೂ ನನಗೆ ಹೇಳಿಕೊಡಲು ಸಾಧ್ಯವಿರಲಿಲ್ಲ.

ಎಲ್ಲ ನಿರ್ಧಾರಗಳಲ್ಲೂ ಅತ್ಯಂತ ಕಷ್ಟದ್ದು ಹಳೆಯದನ್ನು ಮುಚ್ಚುವುದು. ಹೊಸ ವ್ಯವಸ್ಥೆ ಬಂದ ಮೇಲೂ ಹಳೆಯದು ‘ಸದ್ಯಕ್ಕೆ ಇರಲಿ’ ಎಂದು ಉಳಿದುಕೊಂಡು, ಎರಡಕ್ಕೂ ಆಳು, ಎರಡಕ್ಕೂ ಖರ್ಚು ಎಂದಾಗಿರುವುದನ್ನು ನೀವೂ ಕಂಡಿರುತ್ತೀರಿ. ಇಲ್ಲಿ ನೆನಪಿಸಿಕೊಳ್ಳಬೇಕಾದದ್ದು ನಮ್ಮದೇ ‘ಭೂಮಿ’ ಯೋಜನೆಯನ್ನು. 2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅದರ ತಂತ್ರಜ್ಞಾನ ಅಷ್ಟೇನೂ ಅಪರೂಪದ್ದಾಗಿರಲಿಲ್ಲ. ಅಪರೂಪವಾದದ್ದು ಕೈಬರಹದ ಪಹಣಿ ಇನ್ನು ಸಲ್ಲುವುದಿಲ್ಲ ಎಂಬ ತೀರ್ಮಾನ. ಅದರ ಜೊತೆಗೆ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ಸಾಫ್ಟ್‌ವೇರ್‌ನಲ್ಲೇ ಕಟ್ಟು ಹಾಕಿದರು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. ಕೈಬರಹದ ಪ್ರತಿಗೂ ಮಾನ್ಯತೆ ಉಳಿಸಿಕೊಂಡಿದ್ದರೆ ಆ ಸರದಿಗೂ ಬೆರಳಚ್ಚಿಗೂ ಅರ್ಥವೇ ಇರುತ್ತಿರಲಿಲ್ಲ. ನಿಮ್ಮ ನಾಲ್ಕು ತಂಡಗಳಲ್ಲಿ ಎಲ್ಲಾದರೂ ಹೀಗೆ ಎರಡು ದಾರಿಗಳು ಒಟ್ಟಿಗೆ ತೆರೆದಿದ್ದರೆ, ಹಳೆಯದನ್ನು ಯಾರು ಇನ್ನೂ ಬಳಸುತ್ತಿದ್ದಾರೆಂದು ಲಾಗ್‌ಗಳಲ್ಲಿ ಎಣಿಸಿ, ಒಬ್ಬೊಬ್ಬರ ಬಳಿಯೂ ಹೋಗಿ ಮಾತನಾಡಿ, ಮುಚ್ಚುವ ದಿನಾಂಕ ಗೊತ್ತುಮಾಡಿ, ಆ ದಿನ ಮುಚ್ಚಿ. ಹೊಸದನ್ನು ಕಟ್ಟಿಸುವುದಕ್ಕಿಂತ ಇದಕ್ಕೆ ಹೆಚ್ಚು ಧೈರ್ಯ ಬೇಕು. ಅಪ್ರೈಸಲ್‌ನಲ್ಲಿ ಕಡಿಮೆ ಅಂಕ ಸಿಗುವುದೂ ಇದಕ್ಕೇ, ಎಂಬುದನ್ನು ಮುಚ್ಚಿಡುವುದಿಲ್ಲ.

ಇಂಗ್ಲಿಷಿನ ಮಾತು. ಇದು ಸಣ್ಣ ವಿಷಯವೆಂದು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದು ಅಪ್ರಾಮಾಣಿಕತೆಯಾಗುತ್ತದೆ. ಈ ಊರಿನ ಕಚೇರಿಗಳಲ್ಲಿ ನಿರರ್ಗಳವಾಗಿ ಮಾತನಾಡುವವರನ್ನು ಆಳವಾಗಿ ಯೋಚಿಸುವವರೆಂದು ತಪ್ಪು ತಿಳಿಯುವ ಚಾಳಿ ಇದೆ, ಅದರಿಂದ ಜಿಲ್ಲೆಗಳಿಂದ ಬಂದವರಿಗೆ ಅನ್ಯಾಯವಾಗಿದೆ. ಆದರೆ ಆರ್ಕಿಟೆಕ್ಟ್‌ನ ಕೆಲಸದಲ್ಲಿ ಒಂದು ಅನುಕೂಲವಿದೆ: ಇಲ್ಲಿ ಬರಹಕ್ಕೆ ಮಾತಿಗಿಂತ ಹೆಚ್ಚು ಬಾಳಿಕೆ. ಬರಹವನ್ನು ಹತ್ತು ಸಲ ತಿದ್ದಬಹುದು. ಸಭೆಯಲ್ಲಿ ಆಡಿದ ಮಾತನ್ನು ತಿದ್ದಲಾಗದು. ಸಭೆಗೆ ಎರಡು ದಿನ ಮೊದಲೇ ಎರಡು ಪುಟ ಬರೆದು ಕಳುಹಿಸಿ, ಸಭೆಯ ಮೊದಲ ಹತ್ತು ನಿಮಿಷ ಎಲ್ಲರೂ ಅದನ್ನು ಮೌನವಾಗಿ ಓದಲಿ ಎಂದು ಕೇಳಿಕೊಳ್ಳಿ. ಅದಕ್ಕೂ ಮೊದಲು ನಾಲ್ವರು ಲೀಡ್‌ಗಳನ್ನು ಒಬ್ಬೊಬ್ಬರನ್ನಾಗಿ ಕೆಳಗಿನ ದರ್ಶಿನಿಗೆ ಕರೆದುಕೊಂಡು ಹೋಗಿ ಬೈ-ಟೂ ಕಾಫಿ ಕುಡಿಯಿರಿ. ದೊಡ್ಡ ಸಭೆಯಲ್ಲಿ ಯಾರೂ ಬಾಯಿಬಿಡದ ಆಕ್ಷೇಪ ಅಲ್ಲಿ ನಿಂತಲ್ಲೇ ಹೊರಬರುತ್ತದೆ, ಹಲವು ಸಲ ಕನ್ನಡದಲ್ಲೇ. ಆ ಆಕ್ಷೇಪವನ್ನು ಅವರ ಹೆಸರಿನೊಂದಿಗೆ ನಿಮ್ಮ ಎರಡು ಪುಟಗಳಲ್ಲಿ ಸೇರಿಸಿದರೆ ಸಭೆ ನಡೆಯುವ ಹೊತ್ತಿಗೆ ಹೊಸದಾಗಿ ವಾದಿಸಬೇಕಾದದ್ದು ಕಡಿಮೆ ಉಳಿದಿರುತ್ತದೆ. ತಡವರಿಸಿದಾಗ ಕ್ಷಮೆ ಕೇಳಬೇಡಿ. ಒಂದು ಕ್ಷಣ ನಿಂತು ವಾಕ್ಯವನ್ನು ಮತ್ತೆ ಆರಂಭಿಸಿ.

ಕೋಡ್ ಬಿಡಬೇಡಿ, ಆದರೆ ಯಾರಾದರೂ ಕಾಯುತ್ತಿರುವ ಕೋಡನ್ನು ನೀವು ಬರೆಯಬೇಡಿ, ಏಕೆಂದರೆ ಸಭೆಗಳ ನಡುವೆ ಅದು ಮುಗಿಯದು, ತಂಡವೇ ನಿಂತುಬಿಡುತ್ತದೆ. ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ಬಳಸುತ್ತಿರುವ ವ್ಯವಸ್ಥೆಯಲ್ಲಿ) ಕಂಡ ಸಣ್ಣ ದೋಷ, ಬಹಳ ದಿನದಿಂದ ಯಾರೂ ಸರಿಪಡಿಸದೆ ಬಿಟ್ಟ ಕೋಡ್ ಪರೀಕ್ಷೆ (ಟೆಸ್ಟ್), ಹೊಸ ವಿನ್ಯಾಸ ಈ ತುದಿಯಿಂದ ಆ ತುದಿಗೆ ಹರಿಯುತ್ತದೆಯೇ ಎಂದು ನೋಡಲು ಕಟ್ಟುವ ತೀರಾ ತೆಳುವಾದ ಮೊದಲ ಎಳೆ, ಇವು ನಿಮಗೆ ಹೊಂದುತ್ತವೆ. ವಾರಕ್ಕೆ ಒಂದು ಅರ್ಧ ದಿನ ಬೇರೆಯವರ ಕೋಡ್ ಓದಿ. ತಿಂಗಳಿಗೊಮ್ಮೆ ಕ್ಲೌಡ್ ಬಿಲ್ಲನ್ನು, ಅಂದರೆ ಬಾಡಿಗೆಗೆ ಪಡೆದ ಸರ್ವರ್‌ಗಳ ಲೆಕ್ಕವನ್ನು, ಸಾಲುಸಾಲಾಗಿ ಓದಿ. ಯಾವ ತಂಡ ಏನು ಮಾಡುತ್ತಿದೆ ಎಂಬುದನ್ನು ಅದರಷ್ಟು ನಿರ್ದಾಕ್ಷಿಣ್ಯವಾಗಿ ಹೇಳುವ ದಾಖಲೆ ಇನ್ನೊಂದಿಲ್ಲ. ಸರ್ಟಿಫಿಕೇಟ್ ವಿಷಯ: ನಿಮ್ಮ ಕಂಪನಿ ಬಳಸುವ ಕ್ಲೌಡ್‌ನದ್ದು ಒಂದಿದ್ದರೆ ಆ ಲೋಕದ ಪರಿಭಾಷೆ ಕೈವಶವಾಗುತ್ತದೆ, ಮಾಡಿಕೊಳ್ಳಿ. ನೀವು ಬರೆದಿರುವ ತೊಂದರೆಗೆ ಎಂಬಿಎ ಮದ್ದಲ್ಲ.

ಕೈಕೆಳಗೆ ಯಾರೂ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ಊರಿನಲ್ಲಿ ಕೆರೆಯಿದ್ದರೆ ಹಿರಿಯರಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರಗಂಟಿಗಳ ವಿಷಯ ಕೇಳಿ ನೋಡಿ. ನೀರಗಂಟಿ ಕೆರೆಯ ಒಡೆಯನಲ್ಲ. ಎಷ್ಟೋ ಊರುಗಳಲ್ಲಿ ಆ ಕೆಲಸಕ್ಕಿದ್ದವರು ಸ್ವಂತ ಗದ್ದೆಯೇ ಇಲ್ಲದ ಕುಟುಂಬದವರು. ಆದರೂ ತೂಬು ಯಾವಾಗ ಎತ್ತಬೇಕು, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಭಾಗಕ್ಕೆ ಎಷ್ಟು ಹೊತ್ತು ಬಿಡಬೇಕು ಎಂಬಲ್ಲಿ ಅವರ ಮಾತು ನಡೆಯುತ್ತಿತ್ತು. ಅವರು ದಿನವೂ ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದರು, ಯಾವ ಗದ್ದೆಗೂ ನಂಟಿರಲಿಲ್ಲ, ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಪಾಲು ಬರುತ್ತಿದ್ದರಿಂದ ಯಾರ ಬೆಳೆ ಒಣಗಿದರೂ ಅವರ ಪಾಲೂ ಒಣಗುತ್ತಿತ್ತು. ನಾಲ್ಕು ತಂಡಗಳಲ್ಲಿ ನೀವು ಮೊದಲಿದ್ದ ತಂಡವೊಂದು ಇರಬಹುದು. ಅದರ ಕಡೆಗೆ ನಿಮಗೆ ತಿಳಿಯದಂತೆಯೇ ನಿಮ್ಮ ತೂಬು ಹೆಚ್ಚು ತೆರೆದಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಉಳಿದ ಮೂರು ತಂಡಗಳವರು ಅದನ್ನು ನಿಮಗಿಂತ ಮೊದಲೇ ಗಮನಿಸಿರುತ್ತಾರೆ.

ಇನ್ನು ಕಂಪನಿ ಬದಲಿಸುವ ಪ್ರಶ್ನೆ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಂಬಳ ಏರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಬದಲಿಸುವ ಆರ್ಕಿಟೆಕ್ಟ್ ತನ್ನ ಯಾವ ನಿರ್ಧಾರವೂ ಹಳೆಯದಾಗುವುದನ್ನು ನೋಡಿರುವುದಿಲ್ಲ. ಅವರ ತಪ್ಪುಗಳೆಲ್ಲ ಬೇರೆಯವರ ಪಾಠಗಳಾಗಿರುತ್ತವೆ. ನಾನಾಗಿದ್ದರೆ ಈಗಲೇ ಹೊರಡುವುದಿಲ್ಲ. ಹಾಗೆಂದು ಎಲ್ಲ ಪರಿಸ್ಥಿತಿಯಲ್ಲೂ ಉಳಿಯಿರಿ ಎನ್ನುವುದೂ ಇಲ್ಲ. ನಿಮ್ಮದು ವಿದೇಶಿ ಕಂಪನಿಯ ಇಲ್ಲಿನ ಕೇಂದ್ರ. ಇಂಥ ಕೆಲವು ಕಡೆ ಮುಖ್ಯ ನಿರ್ಧಾರಗಳೆಲ್ಲ ಆ ದೇಶದಲ್ಲೇ ಆಗಿ, ಇಲ್ಲಿನ ಆರ್ಕಿಟೆಕ್ಟ್‌ಗೆ ಉಳಿಯುವುದು ಬಂದದ್ದನ್ನು ವಿವರಿಸುವ ಕೆಲಸ ಮಾತ್ರ. ಹಾಗಿದೆಯೇ ಎಂದು ತಿಳಿಯಲು ಒಂದು ಭಾಗವನ್ನು, ಅದು ಎಷ್ಟೇ ಸಣ್ಣದಿರಲಿ, ವಿನ್ಯಾಸದಿಂದ ಹಿಡಿದು ರಾತ್ರಿಯ ಫೋನಿನವರೆಗೆ ಪೂರ್ತಿಯಾಗಿ ಬೆಂಗಳೂರಿಗೆ ಬಿಟ್ಟುಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಕೊಟ್ಟರೆ ಅದು ವರ್ಷ ತುಂಬಿ, ಒಂದು ಹಬ್ಬದ ಮಾರಾಟವನ್ನೋ ಒಂದು ಹಣಕಾಸು ವರ್ಷದ ಕೊನೆಯನ್ನೋ ದಾಟುವವರೆಗೆ ಇರಿ. ಎರಡು ಸಲ ಕೇಳಿದ ಮೇಲೂ ಕೊಡದಿದ್ದರೆ ಬೇರೆ ಕಡೆ ಅರ್ಜಿ ಹಾಕಿ, ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಆರ್ಕಿಟೆಕ್ಟ್‌ಗಳು ಆನ್-ಕಾಲ್ ಪಟ್ಟಿಯಲ್ಲಿದ್ದಾರೆಯೇ ಎಂದು ಕೇಳಿ. ಆ ಉತ್ತರ ಬರುವವರೆಗೆ, ಈಗಿರುವ ಕಡೆಯ ಮುಂದಿನ ತಿಂಗಳ ಪಟ್ಟಿ ಇನ್ನೂ ತಯಾರಾಗಿರದಿದ್ದರೆ, ನಿಮ್ಮ ಹೆಸರು ಕೊಟ್ಟುಬಿಡಿ.